ಪಿಟಿಸಿಎಲ್ ತಿದ್ದುಪಡಿ ಬಂದ ಮೇಲೂ ಹೈಕೋರ್ಟ್ "ತಡವಾಯಿತು" ಅನ್ನುವುದು ಯಾಕೆ?

ಸಾಗುವಳಿಚೀಟಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಾತನಿಗೆ 1972ರಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ, 2 ಎಕರೆ ಸರ್ಕಾರಿ ಜಮೀನು ಮಂಜೂರಾಗಿತ್ತು. ನಾವು ಪರಿಶಿಷ್ಟ ಜಾತಿಯವರು. ಮಂಜೂರಾತಿಯ ಸಾಗುವಳಿ ಚೀಟಿಯಲ್ಲಿ 15 ವರ್ಷ ಪರಭಾರೆ (ಮಾರಾಟ, ವರ್ಗಾವಣೆ) ಮಾಡಬಾರದು ಅಂತ ಷರತ್ತಿದೆ. 1981ರಲ್ಲಿ ಸಾಲಕ್ಕೆ ಸಿಕ್ಕಿ ತಾತ ಜಮೀನು ಬರೆದುಕೊಟ್ಟರು. ಸರ್ಕಾರದ ಅನುಮತಿ ಬೇಕು ಅನ್ನುವುದು ಅವರಿಗೆ ಯಾರೂ ಹೇಳಲಿಲ್ಲ, ಕ್ರಯಪತ್ರ ಓದುವುದಕ್ಕೂ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. 2008ರಲ್ಲಿ ಆ ಚೀಟಿಯನ್ನು ನಾನೇ ಓದಿ ಅಪ್ಪನಿಗೆ ಹೇಳಿದೆ. 2009ರಲ್ಲಿ ಅಪ್ಪ ಜಮೀನು ವಾಪಸ್ ಕೊಡಿಸಿ ಅಂತ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅರ್ಜಿ ಹಾಕಿದರು.

2012ರಲ್ಲಿ ಎಸಿ ನಮ್ಮ ಪರ ಆದೇಶ ಮಾಡಿದರು. 2015ರಲ್ಲಿ ಡಿಸಿ ಅದನ್ನು ಎತ್ತಿಹಿಡಿದರು. 2019ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ "28 ವರ್ಷ ತಡವಾಗಿ ಬಂದಿದ್ದೀರಿ" ಎಂದು ಎರಡೂ ಆದೇಶ ರದ್ದು ಮಾಡಿತು. ಅದರ ವಿರುದ್ಧ ನಾವು ಹೈಕೋರ್ಟಿನ ವಿಭಾಗೀಯ ಪೀಠಕ್ಕೆ (ಇಬ್ಬರು ನ್ಯಾಯಮೂರ್ತಿಗಳ ಪೀಠ) ರಿಟ್ ಅಪೀಲು ಹಾಕಿದ್ದೇವೆ.

2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ರಾಜ್ಯದ ಕಾಯ್ದೆಗೆ, ತಿದ್ದುಪಡಿ ಬಂದಾಗ ಮನೆಯಲ್ಲಿ ಹಬ್ಬ. "ಇನ್ನು ಕಾಲಮಿತಿ ಇಲ್ಲ, ಬಾಕಿ ಇರುವ ಕೇಸುಗಳಿಗೂ ಅನ್ವಯ" ಅಂತ ಪತ್ರಿಕೆಗಳಲ್ಲಿ ಬಂತು. ಆಮೇಲೆ 2024ರ ಜುಲೈನಲ್ಲಿ ಧಾರವಾಡದ ವಿಭಾಗೀಯ ಪೀಠ, ತಿದ್ದುಪಡಿ ಬಂದರೂ ವಿಪರೀತ ವಿಳಂಬದ ಅರ್ಜಿಗಳಿಗೆ ಹಳೆಯ ನಿಯಮವೇ, ತಡವಾದ ಕಾರಣಕ್ಕೆ ಅವು ನಿಲ್ಲುವುದಿಲ್ಲ ಎಂದಿತು. ಕಾನೂನು ಮಾಡುವವರು ಒಂದು ಹೇಳಿದರೆ ಕೋರ್ಟು ಇನ್ನೊಂದು ಹೇಳಬಹುದಾ? ನಮ್ಮ ಕೇಸು ಮುಗಿಯಿತಾ?

ತಾಲ್ಲೂಕುವಕೀಲ

ಮುಗಿದಿಲ್ಲ. ಆದರೆ ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ. ನಾನು ಈ ಕೇಸುಗಳನ್ನು ಎರಡೂ ಕಡೆಯಿಂದ ನಡೆಸಿದ್ದೇನೆ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಪಿಟಿಸಿಎಲ್ ಕಾಯ್ದೆ 1978ರದ್ದು, ಜಾರಿಗೆ ಬಂದದ್ದು 1979ರ ಜನವರಿ 1ರಂದು. ಅದರ ಜೀವ ಇರುವುದು 4 ಮತ್ತು 5ನೇ ಕಲಮಿನಲ್ಲಿ. 4(1) ಪ್ರಕಾರ, ಮಂಜೂರಾತಿಯ ಷರತ್ತು ಮುರಿದು ಮಾಡಿದ ಪರಭಾರೆ ಕಾಯ್ದೆಗೆ ಮುಂಚಿನದಾಗಿರಲಿ, ಆಮೇಲಿನದಾಗಿರಲಿ, ಅಸಿಂಧು. 4(2) ಪ್ರಕಾರ ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ನಿಮ್ಮ ತಾತನ 1981ರ ಕ್ರಯ ಎರಡನ್ನೂ ಮುರಿದಿದೆ. 5ನೇ ಕಲಮಿನಲ್ಲಿ ಎಸಿ ಅಂಥ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರಿದಾರರಿಗೆ ಅಥವಾ ವಾರಸುದಾರರಿಗೆ ವಾಪಸ್ ಕೊಡಿಸಬೇಕು. ಅರ್ಜಿ ಬಂದರೂ ಸರಿ, ಬರದೆ ತಾವಾಗಿಯೇ ಆದರೂ ಸರಿ. ಈ ಕಾಯ್ದೆ ಸಂವಿಧಾನಬದ್ಧವೇ ಎಂಬ ಪ್ರಶ್ನೆಗೆ 1984ರಲ್ಲೇ ಸುಪ್ರೀಂ ಕೋರ್ಟ್ ಮಂಚೇಗೌಡ ತೀರ್ಪಿನಲ್ಲಿ ಹೌದು ಎಂದಿದೆ.

ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆಯಲ್ಲಿ ಮೊದಲಿನಿಂದಲೂ ಇರಲಿಲ್ಲ. ಎಲ್ಲವೂ ತಿರುಗಿದ್ದು 2017ರ ಅಕ್ಟೋಬರ್‌ನಲ್ಲಿ. ನಾವು ಕೋರ್ಟಿನಲ್ಲಿ "ನೆಕ್ಕಂಟಿ" ಅನ್ನುವ ತೀರ್ಪು. ಅಲ್ಲಿ ಅರ್ಜಿ ಬಂದಾಗ ಸುಮಾರು 25 ವರ್ಷ ಕಳೆದಿತ್ತು. ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಾಯ್ದೆ ಗಡುವು ಹಾಕದೇ ಇದ್ದರೂ ಅಧಿಕಾರವನ್ನು ಸಮಂಜಸ ಕಾಲದೊಳಗೆ ಚಲಾಯಿಸಬೇಕು, ಅರ್ಜಿಯ ಮೇಲಾಗಲಿ, ತಾನಾಗಿಯೇ ಆಗಲಿ. ಸಮಂಜಸ ಅಂದರೆ ಎಷ್ಟು ವರ್ಷ ಅಂತ ಅಂಕಿ ಹೇಳಲಿಲ್ಲ. ಆಮೇಲೆ ಎಸಿ, ಡಿಸಿ ಕೋರ್ಟುಗಳಲ್ಲಿ ಗೆದ್ದ ಎಷ್ಟೋ ಕುಟುಂಬಗಳು ಹೈಕೋರ್ಟಿಗೆ ಬಂದು ಸೋತವು. 2019ರಲ್ಲಿ ನಿಮಗೆ ಆದದ್ದೂ ಅದೇ.

ತಿದ್ದುಪಡಿ 5(1)ಕ್ಕೆ ಎರಡು ಖಂಡ ಸೇರಿಸಿತು. (ಸಿ) ಖಂಡ: ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಗೆ ಕಾಲಮಿತಿ ಇಲ್ಲ. (ಡಿ) ಖಂಡ: ಬಾಕಿ ಇರುವ ಕೇಸುಗಳಿಗೂ ಇದೇ ಅನ್ವಯ. ಈಗ ಎರಡನ್ನೂ ಪಕ್ಕದಲ್ಲಿಟ್ಟು ಓದಿ. ನೆಕ್ಕಂಟಿ ಹೇಳಿದ್ದು "ಕಾಲಮಿತಿ ಮುಗಿದಿದೆ" ಅಂತಲ್ಲ, "ಕಾಲಮಿತಿ ಇಲ್ಲ, ಆದರೂ ತಡ ಮಾಡಿದಿರಿ" ಅಂತ. ಆ ತೀರ್ಪು ಮೊದಲೇ ಒಪ್ಪಿಕೊಂಡಿದ್ದ ಮಾತನ್ನೇ ತಿದ್ದುಪಡಿ ಕಾಯ್ದೆಯೊಳಗೆ ಬರೆಯಿತು. ಧಾರವಾಡ ಪೀಠ ಹಿಡಿದದ್ದು ಇದೇ ಎಳೆಯನ್ನು. ಕಾಲಮಿತಿ ಬೇರೆ, ವಿಳಂಬ ಬೇರೆ. ಮೊದಲನೆಯದು ಶಾಸನದ ಗಡಿಯಾರ. ಎರಡನೆಯದು, ಲ್ಯಾಚಸ್ ಅಂತೀವಲ್ಲ, ಹಕ್ಕು ಗೊತ್ತಿದ್ದೂ ಸುಮ್ಮನಿದ್ದು ಎದುರಿನವರ ಬದುಕು ಆ ಜಮೀನಿನ ಮೇಲೆ ನಿಂತ ಮೇಲೆ ಬಂದೆಯಲ್ಲ ಎಂಬ ನ್ಯಾಯದ ಪ್ರಶ್ನೆ. ಶಾಸಕಾಂಗ ಮುಟ್ಟಿದ್ದು ಮೊದಲನೆಯದನ್ನು ಮಾತ್ರ ಎಂದಿತು ಪೀಠ.

ಎರಡನೇವರ್ಷಎಲ್ಎಲ್‌ಬಿ

ಸರ್, ಒಂದು ಸಂಶಯ. ಅದು ಧಾರವಾಡ ಪೀಠ. ಇವರ ಅಪೀಲು ಬೆಂಗಳೂರಿನಲ್ಲಿದ್ದರೆ ಅಲ್ಲಿಗೆ ಅನ್ವಯಿಸುತ್ತದಾ?

ತಾಲ್ಲೂಕುವಕೀಲ

ಅನ್ವಯಿಸುತ್ತದೆ. ಬೆಂಗಳೂರು, ಧಾರವಾಡ, ಕಲಬುರಗಿ ಅಂತ ಮೂರು ಕಡೆ ಕೂತರೂ ಹೈಕೋರ್ಟು ಒಂದೇ. ವಿಭಾಗೀಯ ಪೀಠದ ತೀರ್ಪನ್ನು ಏಕಸದಸ್ಯ ಪೀಠ ಎಲ್ಲಿ ಕೂತರೂ ಪಾಲಿಸಬೇಕು, ಎಸಿ, ಡಿಸಿಗಳೂ ಪಾಲಿಸಬೇಕು. ಇನ್ನೊಂದು ವಿಭಾಗೀಯ ಪೀಠಕ್ಕೆ ಅದು ತಪ್ಪು ಅನ್ನಿಸಿದರೆ ತಾನೇ ಉಲ್ಟಾ ಹೇಳುವಂತಿಲ್ಲ, ದೊಡ್ಡ ಪೀಠ ಕೇಳಲಿ ಎಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಬೇಕು.

ತೋಟದಮನೆ

ನಾನು ಎದುರು ಕಡೆಯವನು. ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ತಂದೆ 1996ರಲ್ಲಿ ಒಂದೂವರೆ ಎಕರೆ ಕೊಂಡರು, ಮೂಲ ಮಂಜೂರಿದಾರರಿಂದಲ್ಲ, ಅವರಿಂದ ಕೊಂಡವರಿಂದ ಕೊಂಡವರ ಬಳಿ. ಪಹಣಿಯಲ್ಲಿ ಏನೂ ಬರೆದಿರಲಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೆವು. ನೋಂದಣಿ ಆಯಿತು, ಖಾತೆ ಆಯಿತು, ಸಹಕಾರ ಸಂಘದಿಂದ ಸಾಲ ಸಿಕ್ಕಿತು. ಎರಡು ಬೋರು ವಿಫಲವಾಗಿ ಮೂರನೆಯದರಲ್ಲಿ ನೀರು ಬಂತು. ತೆಂಗು ಫಸಲಿಗೆ ಬರುವ ಹೊತ್ತಿಗೆ ನೋಟಿಸು. ನಾವೂ ದೊಡ್ಡ ಹಿಡುವಳಿದಾರರಲ್ಲ, ಅಷ್ಟೇ ಇರುವುದು.

ನಿಮ್ಮ ತಾತನಿಗೆ ಅನ್ಯಾಯ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ 30 ವರ್ಷದ ಮೇಲೆ ಆ ಅನ್ಯಾಯದ ಬೆಲೆಯನ್ನು ನಮ್ಮ ಅಪ್ಪ ಯಾಕೆ ಕೊಡಬೇಕು? ನೆಕ್ಕಂಟಿ ತೀರ್ಪು ಬಂದ ದಿನ ನಮ್ಮ ಅಮ್ಮ ದೇವರ ಮುಂದೆ ದೀಪ ಹಚ್ಚಿದರು.

ಸಾಗುವಳಿಚೀಟಿ

ಅಣ್ಣ, ನಿಮ್ಮ ಮಾತು ಓದಿ ತುಂಬಾ ಹೊತ್ತು ಉತ್ತರ ಬರೆಯಲಾಗಲಿಲ್ಲ. ನಿಮ್ಮ ತಂದೆ ಮೋಸ ಮಾಡಿದವರಲ್ಲ. ನಮ್ಮ ತಾತನೂ ಅಲ್ಲ. ಮಧ್ಯದಲ್ಲಿ ಇದ್ದ ವ್ಯವಸ್ಥೆಗೆ ಎಲ್ಲ ಗೊತ್ತಿತ್ತು. ಮಂಜೂರು ಮಾಡಿದ್ದು ಅದೇ, ನೋಂದಣಿ ಮಾಡಿಕೊಟ್ಟದ್ದೂ ಅದೇ, ಖಾತೆ ಬದಲಿಸಿದ್ದೂ ಅದೇ.

ತಿದ್ದುಪಡಿಗಾಗಿ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರಲ್ಲ, ಅಲ್ಲಿ ನಾನೂ ಎರಡು ದಿನ ಕೂತಿದ್ದೆ. ನೆಕ್ಕಂಟಿಯಿಂದ ಕಳೆದುಕೊಂಡದ್ದನ್ನು ವಾಪಸ್ ಪಡೆಯಬೇಕು ಅನ್ನುವುದೊಂದೇ ಅಲ್ಲಿನವರ ಬೇಡಿಕೆ. ಆ ತೀರ್ಪಿಗೆ ಉತ್ತರವಾಗಿಯೇ ತಿದ್ದುಪಡಿ ಬಂದದ್ದು ಎಂದು ಇಡೀ ರಾಜ್ಯಕ್ಕೆ ಗೊತ್ತು. "ಕಾಲಮಿತಿ" ಅನ್ನುವ ಒಂದು ಪದ ಹಿಡಿದು ಇದು ಅದಲ್ಲ ಅಂದರೆ ಹೇಗೆ? ಶಾಸಕಾಂಗದ ಉದ್ದೇಶ ನೋಡಬೇಡವೇ?

ಎರಡನೇವರ್ಷಎಲ್ಎಲ್‌ಬಿ

ನನಗೂ ಇದೇ ಪ್ರಶ್ನೆ. ತೀರ್ಪನ್ನು ಮೀರಲು ಶಾಸಕಾಂಗಕ್ಕೆ ಅಧಿಕಾರವೇ ಇಲ್ಲವೇ?

ತಾಲ್ಲೂಕುವಕೀಲ

ತೀರ್ಪನ್ನು ನೇರವಾಗಿ ರದ್ದು ಮಾಡುವ ಅಧಿಕಾರ ಇಲ್ಲ. ತೀರ್ಪು ನಿಂತಿರುವ ಬುನಾದಿಯನ್ನು ಬದಲಿಸುವ ಅಧಿಕಾರ ಇದೆ. ಎರಡಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಸಿಗುತ್ತದೆ.

1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಾಗ ಕರ್ನಾಟಕ ಸುಗ್ರೀವಾಜ್ಞೆ ತಂದು ಅದನ್ನು ನಿಷ್ಫಲ ಮಾಡಲು ನೋಡಿತು. ಸುಪ್ರೀಂ ಕೋರ್ಟ್ ಅದನ್ನು ಅಸಂವಿಧಾನಿಕ ಎಂದಿತು. ಆದೇಶಕ್ಕೆ ಅಡ್ಡ ನಿಲ್ಲುವುದು ಶಾಸನದ ಕೆಲಸ ಅಲ್ಲ.

ಇನ್ನೊಂದು ಬಡ್ತಿ ಮೀಸಲಾತಿಯ ಪವಿತ್ರ ಪ್ರಕರಣ. 2002ರ ಜ್ಯೇಷ್ಠತಾ ಕಾಯ್ದೆಯನ್ನು 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಅಂಕಿಅಂಶದ ಆಧಾರ ಇಲ್ಲ ಎಂದು. ಸರ್ಕಾರ ಏನು ಮಾಡಿತು? ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ಸಂಗ್ರಹಿಸಿ, ಅದರ ಮೇಲೆ 2018ರ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಅದೇ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೋರ್ಟು ಎಲ್ಲಿ ಕೊರತೆ ಇದೆ ಎಂದಿತೋ ಅಲ್ಲೇ ತುಂಬಿದರು.

ಪಿಟಿಸಿಎಲ್ ತಿದ್ದುಪಡಿ ಬರೆದವರು ಆ ಕೆಲಸ ಮಾಡಲಿಲ್ಲ. ನನಗೆ ನಿಜಕ್ಕೂ ನೋವಾಗುವುದು ಇಲ್ಲಿ. ಅಷ್ಟು ದಿನ ಜನ ಬಿಸಿಲಲ್ಲಿ ಕೂತು ಪಡೆದ ತಿದ್ದುಪಡಿ. "ವಿಳಂಬದ ಕಾರಣವೊಂದರಿಂದಲೇ ಅರ್ಜಿಯನ್ನು ತಿರಸ್ಕರಿಸತಕ್ಕದ್ದಲ್ಲ" ಎಂಬರ್ಥದ ಒಂದು ಸಾಲು, ಅಥವಾ ಸಮಂಜಸ ಕಾಲವನ್ನು ಯಾವಾಗಿನಿಂದ ಎಣಿಸಬೇಕು ಎಂಬ ವಿವರಣೆ ಇದ್ದಿದ್ದರೆ ಕೋರ್ಟಿನ ಮುಂದಿದ್ದ ಪ್ರಶ್ನೆಯೇ ಬೇರೆ ಆಗುತ್ತಿತ್ತು. ಅದೂ ನಿಲ್ಲುತ್ತಿತ್ತು ಅಂತ ಖಾತರಿ ಇಲ್ಲ, ಖರೀದಿದಾರರು ಸಮಾನತೆಯ ಪ್ರಶ್ನೆ ಎತ್ತುತ್ತಿದ್ದರು. ಆದರೆ ವಾದ ಸರಿಯಾದ ಜಾಗದಲ್ಲಿ ನಡೆಯುತ್ತಿತ್ತು. ಈಗ ಗೋಡೆ ಬಿರುಕು ಬಿಟ್ಟದ್ದು ಒಂದು ಕಡೆ, ಗಾರೆ ಬಳಿದದ್ದು ಇನ್ನೊಂದು ಕಡೆ.

ತೋಟದಮನೆ

ಹಾಗಾದರೆ ಹೈಕೋರ್ಟಿನ ತೀರ್ಪು ಸರಿ ಅಂತಲೇ ನಿಮ್ಮ ಅಭಿಪ್ರಾಯವಾ?

ತಾಲ್ಲೂಕುವಕೀಲ

ಪದಗಳ ಮಟ್ಟಿಗೆ ಸರಿ. ಸುಪ್ರೀಂ ಕೋರ್ಟಿನ ನೆಕ್ಕಂಟಿ ತಲೆಯ ಮೇಲಿರುವಾಗ ಹೈಕೋರ್ಟಿಗೆ ಹೆಚ್ಚು ದಾರಿಯೂ ಇರಲಿಲ್ಲ. ಆದರೆ ನನಗೆ ಒಪ್ಪಿಗೆಯಾಗದ ಜಾಗ ಒಂದಿದೆ, ಅದು ನೆಕ್ಕಂಟಿಯಲ್ಲೇ ಇದೆ.

ವಿಳಂಬ ಯಾರದು?

ಸಾಮಾನ್ಯ ಸಿವಿಲ್ ದಾವೆಯಲ್ಲಿ ಹಕ್ಕು ಕಳೆದುಕೊಂಡವನೇ ಬಂದು ಕೇಳಬೇಕು, ಅವನು ತಡ ಮಾಡಿದರೆ ಅವನ ತಪ್ಪು. ಪಿಟಿಸಿಎಲ್ ಹಾಗಿಲ್ಲ. ಮಂಜೂರಿದಾರ ಸಾಲಕ್ಕೆ, ಹೆದರಿಕೆಗೆ, ಅಜ್ಞಾನಕ್ಕೆ ಜಮೀನು ಬಿಟ್ಟುಕೊಡುತ್ತಾನೆ ಅಂತ ಗೊತ್ತಿದ್ದೇ ಮಾಡಿದ ಕಾಯ್ದೆ ಇದು. ಅದಕ್ಕೇ ಎಸಿ ತಾವಾಗಿಯೇ ವಿಚಾರಣೆ ಶುರು ಮಾಡಬಹುದು ಎಂದಿದೆ. ಅದಕ್ಕೇ 5(3)ರಲ್ಲಿ, ಮಂಜೂರಾದ ಜಮೀನು ಬೇರೆಯವರ ಕೈಯಲ್ಲಿದ್ದರೆ ಅದು ಅಸಿಂಧು ಪರಭಾರೆಯಿಂದಲೇ ಬಂದದ್ದು ಅಂತ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸುವ ಹೊರೆ ಹಿಡಿದವರದು. ರೆವಿನ್ಯೂ ಇಲಾಖೆಯ ಬಳಿ ಮಂಜೂರಾತಿ ಕಡತವೂ ಇತ್ತು, ಮ್ಯುಟೇಷನ್ (ಖಾತೆ ಬದಲಾವಣೆ) ಕಡತವೂ ಇತ್ತು. 25 ವರ್ಷ ಕೈಕಟ್ಟಿ ಕೂತದ್ದು ರಾಜ್ಯ. ಶಿಕ್ಷೆ ಬಿದ್ದದ್ದು ಕಾಯ್ದೆ ಯಾರನ್ನು ಕಾಯಬೇಕಿತ್ತೋ ಅವರಿಗೆ. ಎಸಿ ತಾವಾಗಿ ಕೈಗೆತ್ತಿಕೊಂಡರೂ ಸಮಂಜಸ ಕಾಲ ಮೀರಬಾರದು ಎಂದಾಗ ನೆಕ್ಕಂಟಿ ಈ ಹೊರೆಯನ್ನು ಪೂರ್ತಿ ಬಡವನ ಕಡೆಗೆ ಸರಿಸಿಬಿಟ್ಟಿತು. ಈ ಮಾತನ್ನು ಯಾವಾಗಲಾದರೂ ದೊಡ್ಡ ಪೀಠ ನೇರವಾಗಿ ಕೇಳಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ತೋಟದಮನೆಯವರೇ, ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾಯ್ದೆ ಪ್ರಾಮಾಣಿಕ ಖರೀದಿದಾರನಿಗೆ ವಿನಾಯಿತಿ ಕೊಟ್ಟಿಲ್ಲ. ನೋಂದಣಿಗೆ ಮುಂಚೆ ತಡೆಯಬೇಕಾಗಿದ್ದದ್ದೂ ರಾಜ್ಯವೇ. ಜಮೀನು ವಾಪಸ್ ಹೋದರೆ ಬೋರಿಗೆ, ತೆಂಗಿಗೆ ಸರ್ಕಾರ ಪರಿಹಾರ ಕೊಡಬೇಕು ಎಂಬ ವ್ಯವಸ್ಥೆ ಇದ್ದಿದ್ದರೆ ಕೋರ್ಟುಗಳಿಗೂ ಇಷ್ಟು ಸಂಕಟ ಇರುತ್ತಿರಲಿಲ್ಲ ಅನ್ನಿಸುತ್ತದೆ. ಇಬ್ಬರು ಬಡವರಲ್ಲಿ ಒಬ್ಬರು ಬೀದಿಗೆ ಬೀಳಲೇಬೇಕು ಅನ್ನುವಂತೆ ಕಾಯ್ದೆ ಇರಬಾರದಿತ್ತು.

ಹಳೆಶಿರಸ್ತೇದಾರ

ರೆವಿನ್ಯೂ ಇಲಾಖೆಯಲ್ಲಿ ಇದ್ದವನು ನಾನು, ಈಗ ನಿವೃತ್ತ. ವಕೀಲರ ಮಾತಿನಲ್ಲಿ ನಮ್ಮ ಮೇಲಿನ ಆರೋಪ ನಿಜ. ಒಪ್ಪುತ್ತೇನೆ.

ಕೈಬರಹದ ಪಹಣಿಯಲ್ಲಿ "ಪರಭಾರೆ ನಿಷೇಧ" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ನಾನೇ ನೋಡಿದ್ದೇನೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹತ್ತಿದಾಗ ನಾನು ಕೆಲಸ ಮಾಡುತ್ತಿದ್ದ ಕಡೆ ಕೆಲವು ಸರ್ವೆ ನಂಬರುಗಳಲ್ಲಿ ಆ ಟಿಪ್ಪಣಿ ಏರಲೇ ಇಲ್ಲ. ತಿದ್ದಿ ಎಂದು ಬರೆದೆ, ಎಲ್ಲವೂ ತಿದ್ದಲಿಲ್ಲ. ಕಂಪ್ಯೂಟರ್ ಪಹಣಿ ಮಾತ್ರ ನೋಡಿ ಕೊಂಡವರಿಗೆ ಷರತ್ತು ಹೇಗೆ ಗೊತ್ತಾಗಬೇಕು?

ಸಾಗುವಳಿಚೀಟಿ ಅವರಿಗೆ ಮೂರು ಪ್ರಶ್ನೆ. ಒಂದು, ಮಂಜೂರಾತಿ ದರಖಾಸ್ತಿನಲ್ಲೇ ಆದದ್ದಾ, ಅಥವಾ ತೋಟಿ, ತಳವಾರಿಕೆ ಇನಾಮಿನ ಮರುಮಂಜೂರಾತಿಯಾ? ಎರಡನೆಯದಾದರೆ ಕಾಯ್ದೆಯ ವ್ಯಾಖ್ಯೆಯಿಂದಲೇ ಹೊರಗೆ ಬೀಳುತ್ತೀರಿ, ವಂಶಪಾರಂಪರ್ಯ ಹುದ್ದೆಯ ಜಮೀನನ್ನು ಅದು ಬಿಟ್ಟಿದೆ. ಎರಡು, ಮೂಲ ಮಂಜೂರಾತಿ ಕಡತದ ದೃಢೀಕೃತ ನಕಲು ಇದೆಯಾ? ಬರೀ ಚೀಟಿಯ ಜೆರಾಕ್ಸ್ ಸಾಲದು. ಮೂರನೆಯದು ಮುಖ್ಯ: 1981ರಿಂದ 2009ರ ಮಧ್ಯೆ ನಿಮ್ಮ ಮನೆಯವರು ಯಾರಾದರೂ, ಎಲ್ಲಿಗಾದರೂ, ಯಾವ ಭಾಷೆಯಲ್ಲಾದರೂ ಒಂದು ಅರ್ಜಿ ಕೊಟ್ಟಿದ್ದರಾ? ಮನೆಯಲ್ಲಿ ಹಿರಿಯರನ್ನು ಕೇಳಿ.

ಎರಡನೇವರ್ಷಎಲ್ಎಲ್‌ಬಿ

ಒಂದು ಸಣ್ಣ ವಿಷಯ ಸೇರಿಸಲಾ? 2012ರಲ್ಲಿ ಎಸಿ ಆದೇಶ ಮಾಡುವಾಗ ನೆಕ್ಕಂಟಿ ಇರಲೇ ಇಲ್ಲ. ವಿಳಂಬಕ್ಕೆ ಕಾರಣ ಹೇಳಿ ಅಂತ ಇವರನ್ನು ಯಾರೂ ಕೇಳಿರುವುದಿಲ್ಲ ಅಲ್ಲವೇ?

ತಾಲ್ಲೂಕುವಕೀಲ

ತಮ್ಮಾ, ಒಳ್ಳೆಯ ಅಂಶ ಹಿಡಿದೆ. ಇವರ ರಿಟ್ ಅಪೀಲಿನಲ್ಲಿ ಮುಂದಿಡಬೇಕಾದ ವಾದ ಇದೇ.

ಸಮಂಜಸ ಕಾಲ ಅನ್ನುವುದು ಸಂಗತಿಗಳ ಮೇಲೆ ನಿಲ್ಲುವ ಪ್ರಶ್ನೆ. ಯಾರು ಯಾವಾಗ ಸತ್ತರು, ಮಕ್ಕಳಿಗೆ ಎಷ್ಟು ವಯಸ್ಸು, ಓದು ಬರುತ್ತಿತ್ತಾ, ಊರಲ್ಲೇ ಇದ್ದರಾ ಗುಳೆ ಹೋದರಾ, ಕೊಂಡವರು ಊರಿನಲ್ಲಿ ಎಂಥ ಬಲ ಇದ್ದವರು, ಹಕ್ಕು ಗೊತ್ತಾದ ಮೇಲೆ ಎಷ್ಟು ಬೇಗ ಬಂದರು. ಎಸಿ ಕೋರ್ಟಿನಲ್ಲಿ ಈ ಪ್ರಶ್ನೆಯೇ ಬರದಿದ್ದಾಗ ದಾಖಲೆಯಲ್ಲಿ ಉತ್ತರವೂ ಇರುವುದಿಲ್ಲ. ಹೈಕೋರ್ಟಿನಲ್ಲಿ 1981 ಮತ್ತು 2009 ಎರಡೇ ಇಸವಿ ನೋಡಿ ಕಳೆಯುವ ಲೆಕ್ಕ ಮಾಡಿದರೆ 28 ಬರುತ್ತದೆ, ಅಷ್ಟೇ. ಹಾಗಾಗಿ ನೆಕ್ಕಂಟಿ ತಪ್ಪು ಅಂತ ವಾದಿಸಲು ಹೋಗಬೇಡಿ, ಹೈಕೋರ್ಟ್ ಅದನ್ನು ಕೇಳುವಂತೆಯೇ ಇಲ್ಲ. ತಿದ್ದುಪಡಿ ಬಂದಿದೆ, ಆದ್ದರಿಂದ ಗೆದ್ದೆವು ಅಂತಲೂ ಅಲ್ಲ. "ವಿಳಂಬಕ್ಕೆ ವಿವರಣೆ ಕೊಡುವ ಅವಕಾಶ ನಮಗೆ ಸಿಕ್ಕಿಲ್ಲ, ಕೊಡಿ, ಇಲ್ಲವೇ ಅಷ್ಟಕ್ಕೆ ಸೀಮಿತವಾಗಿ ಎಸಿಗೆ ವಾಪಸ್ ಕಳಿಸಿ" ಎನ್ನಿ. ಒಪ್ಪುತ್ತಾರೋ ಇಲ್ಲವೋ ಪೀಠಕ್ಕೆ ಬಿಟ್ಟದ್ದು. ಆದರೆ ಧಾರವಾಡದ ತೀರ್ಪಿಗೆ ಡಿಕ್ಕಿ ಹೊಡೆಯದೆ ಹೋಗುವ ದಾರಿ ಇದು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಇದೆ. ಹೈಕೋರ್ಟಿನಲ್ಲಿ ಇದಕ್ಕೆಂದೇ ಸಮಿತಿ ಇದೆ.

ಸಾಗುವಳಿಚೀಟಿ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಊರಿಗೆ ಹೋಗಿದ್ದೆ.

ಶಿರಸ್ತೇದಾರರು ಕೇಳಿದ ಮೂರನೇ ಪ್ರಶ್ನೆಯನ್ನು ಅತ್ತೆಗೆ ಕೇಳಿದೆ. ಅಪ್ಪನ ಅಕ್ಕ, ಈಗ ವಯಸ್ಸು ಎಂಬತ್ತರ ಹತ್ತಿರ. "ನಿನ್ನ ತಾತ ಸಾಯೋ ಹಿಂದಿನ ವರ್ಷ ಮೇಷ್ಟ್ರ ಕೈಲಿ ಬರೆಸಿ ಕೊಟ್ಟಿದ್ರಲ್ಲ" ಅಂದರು. ತಾತ ತೀರಿಕೊಂಡದ್ದು 1990ರಲ್ಲಿ. ಟ್ರಂಕಿನಲ್ಲಿ ರೇಷನ್ ಕಾರ್ಡುಗಳ ಕೆಳಗೆ ಮಡಿಸಿದ ಒಂದು ಹಾಳೆ ಸಿಕ್ಕಿತು. ತಹಶೀಲ್ದಾರರಿಗೆ ಬರೆದ ಅರ್ಜಿಯ ಕಾರ್ಬನ್ ಪ್ರತಿ. 1989. "ನನ್ನ ಮಂಜೂರಿ ಜಮೀನು ನನಗೆ ಬಿಡಿಸಿಕೊಡಬೇಕು" ಅಂತ ಇದೆ. ಮೂಲೆಯಲ್ಲಿ ಒಂದು ಸೀಲು, ತಾರೀಖು ಅರ್ಧ ಅಳಿಸಿದೆ, ಒಂದು ಸಹಿ. ಕೆಳಗೆ ತಾತನ ಹೆಬ್ಬೆಟ್ಟು.

ಆ ಅರ್ಜಿ ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. 28 ವರ್ಷ ಸುಮ್ಮನಿದ್ದರು ಅಂತ ತೀರ್ಪಿನಲ್ಲಿ ಓದಿದ್ದು ನೆನಪಾಗಿ ಅಪ್ಪ ಅಲ್ಲೇ ಕೂತು ಅತ್ತರು.

ತಾಲ್ಲೂಕುವಕೀಲ

ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಪಿನ್ ಹೊಡೆಯಬೇಡಿ. ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಮೊಬೈಲಿನಲ್ಲಿ ಎರಡೂ ಬದಿ ಫೋಟೋ ತೆಗೆಯಿರಿ. ಅಪೀಲಿನಲ್ಲಿ ಹೆಚ್ಚುವರಿ ದಾಖಲೆಗೆ ಅರ್ಜಿ ಹಾಕಬೇಕು, ಜೊತೆಗೆ ಅತ್ತೆಯವರ ಪ್ರಮಾಣಪತ್ರ. ಇಷ್ಟು ದಿನ ಯಾಕೆ ತೋರಿಸಲಿಲ್ಲ ಅಂತ ಎದುರಿನವರು ಕೇಳೇ ಕೇಳುತ್ತಾರೆ, ಇಲ್ಲಿ ಬರೆದಿರುವ ಹಾಗೇ ಸತ್ಯ ಹೇಳಿ.

ಅರ್ಜಿ ತಹಶೀಲ್ದಾರರಿಗೆ ಹೋಗಿದೆ, ಎಸಿಗೆ ಅಲ್ಲ. ಅದನ್ನೂ ಎತ್ತುತ್ತಾರೆ. ಓದು ಬಾರದವನು ತನಗೆ ಗೊತ್ತಿದ್ದ ಕಚೇರಿಗೆ ಕೊಟ್ಟ, ಮುಂದಕ್ಕೆ ಕಳಿಸಬೇಕಾದವರು ಕಳಿಸಲಿಲ್ಲ. ಇದನ್ನು ನಾನು ಕಾಗದದಲ್ಲಿ ಒತ್ತಿ ಬರೆಯುತ್ತಿದ್ದೆ.

ಹಳೆಶಿರಸ್ತೇದಾರ

ಸೀಲಿನ ಪಕ್ಕ ಚಿಕ್ಕದಾಗಿ ಒಂದು ನಂಬರು ಇರಬೇಕು, ಭೂತಗನ್ನಡಿಯಲ್ಲಿ ನೋಡಿ. ಅದು ಆವಕ ಸಂಖ್ಯೆ, ಕಚೇರಿಗೆ ಬಂದ ಕಾಗದಕ್ಕೆ ಹಾಕುವ ನಂಬರು. ಅದು ಸಿಕ್ಕರೆ 1989ರ ಆವಕ ರಿಜಿಸ್ಟರಿನ ಆ ಪುಟದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ರಿಜಿಸ್ಟರ್ ನಾಶ ಆಗಿದೆ ಅಂದರೆ ನಾಶಪಡಿಸಿದ ಆದೇಶದ ನಕಲು ಕೇಳಿ, ಅದೂ ದಾಖಲೆಯೇ. ರೆಕಾರ್ಡ್ ರೂಮಿನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ, ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ತೋಟದಮನೆ

ನಿಮ್ಮ ತಾತನ ಕಾಗದದ ವಿಷಯ ಅಮ್ಮನಿಗೆ ಓದಿ ಹೇಳಿದೆ. ನಮ್ಮ ಕೇಸಿನಲ್ಲೂ ಆ ಕುಟುಂಬ ಹಿಂದೆ ಯಾವಾಗಲಾದರೂ ಅರ್ಜಿ ಕೊಟ್ಟಿತ್ತಾ ಅಂತ ಕೇಳಿದರು. ನನಗೆ ಗೊತ್ತಿಲ್ಲ. ನಾವು ಯಾವತ್ತೂ ಅವರನ್ನು ಕೇಳಿಲ್ಲ.

ಸಾಗುವಳಿಚೀಟಿ

ನಂಬರು ಇದೆ. ಮೊದಲ ಎರಡು ಅಂಕಿ ಕಾಣುತ್ತಿವೆ, ಮೂರನೆಯದು 3 ಇರಬಹುದು, 8 ಇರಬಹುದು. ಎರಡೂ ನಂಬರು ಹಾಕಿ ಅರ್ಜಿ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಕೊಡುತ್ತೇನೆ.